ಇದ್ದಷ್ಟರಲ್ಲೇ ಆಟ

ಗಾಲ್ಫ್ ಎಂದರೆ ಸಿರಿವಂತರ ಆಟವೆಂದೇ ನಮ್ಮ ಲೆಕ್ಕ. ಕ್ಲಬ್ಬಿನ ಸದಸ್ಯತ್ವ, ದುಬಾರಿ ಕೋಲುಗಳು, ಅವನ್ನು ಹೊರಲೊಬ್ಬ ಕ್ಯಾಡಿ. ಇಷ್ಟೂ ಇಲ್ಲದವರಿಗೆ ಅದರ ಗೊಡವೆ ಏಕೆ ಎನ್ನುತ್ತೇವೆ.

ಮುಂಬೈಯ ಚೆಂಬೂರಿನಲ್ಲಿ ಇದಕ್ಕೆ ಬೇರೆಯೇ ಉತ್ತರವಿದೆ. ಗಾಲ್ಫ್ ಮೈದಾನದಲ್ಲಿ ಬೇರೆಯವರ ಚೀಲ ಹೊರುವ ಕ್ಯಾಡಿಗಳು, ಬಿಡುವು ಸಿಕ್ಕಾಗ ತಮ್ಮ ಕೊಳೆಗೇರಿಯ ಓಣಿಗಳಲ್ಲೇ ಗಾಲ್ಫ್ ಆಡಿದ್ದಾರೆ. ಕಟ್ಟಡಕ್ಕೆ ಬಳಸುವ ಕಬ್ಬಿಣದ ಸರಳಿನ ತುದಿ ಬಗ್ಗಿಸಿದರೆ ಕೋಲು ಸಿದ್ಧ. ಹಿಡಿಕೆಗೆ ಪೈಪಿನ ತುಂಡು. ಯಾರಿಗೂ ಪೆಟ್ಟಾಗದಂತೆ ಹಗುರವಾದ ಪ್ಲಾಸ್ಟಿಕ್ ಚೆಂಡು. ಹುಲ್ಲುಹಾಸಿಲ್ಲ, ಗೋಡೆ, ಮೆಟ್ಟಿಲು, ಚರಂಡಿಗಳ ನಡುವೆಯೇ ಗುರಿ ಹುಡುಕಬೇಕು. ಇಂಥ ಕಡೆ ಪಳಗಿದ ಕೈಗೆ ವಿಶಾಲ ಮೈದಾನ ಕಷ್ಟವೇ?

ಆಟದ ನಿಯಮವೂ ಬಡವನ ಪರವಾಗಿಯೇ ಇದೆ. ಒಬ್ಬರ ಬಳಿ 14ಕ್ಕಿಂತ ಹೆಚ್ಚು ಕೋಲುಗಳಿರಕೂಡದು. ಆದರೆ ಒಂದೇ ಕೋಲಿನಲ್ಲಿ ಆಡಿದರೂ ಅಡ್ಡಿಯಿಲ್ಲ. ಚೆಂಡು ಬೀಳಿಸಬೇಕಾದ ಗುಳಿಯ ಅಗಲ 108 ಮಿಲಿಮೀಟರ್. ಚೀಲ ಹೊರಿಸಿದವನಿಗೂ ಅಷ್ಟೇ, ಹೊತ್ತವನಿಗೂ ಅಷ್ಟೇ. ಗಾಲ್ಫಿನ ತವರೆನಿಸಿದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಹಳೆಯ ಮೈದಾನ ಕೂಡ ಸಾರ್ವಜನಿಕರದೇ. ಸಾಮಾನ್ಯವಾಗಿ ಭಾನುವಾರ ಆಟ ನಿಲ್ಲಿಸಿ, ಊರವರ ಅಡ್ಡಾಟಕ್ಕೆ ಅದನ್ನು ಬಿಟ್ಟುಕೊಡುತ್ತಾರೆ.

ಗಾಲ್ಫಿನಂತೆಯೇ ಎಷ್ಟೋ ಸಂತೋಷಗಳನ್ನು ನಾವು ‘ನಾಲ್ಕು ಕಾಸು ಕೂಡಿದ ಮೇಲೆ ನೋಡೋಣ’ ಎಂದು ಮುಂದೂಡುತ್ತೇವೆ. ಕಾಸು ಕೂಡುವ ಹೊತ್ತಿಗೆ ಮೊಣಕಾಲು ಕೈಕೊಟ್ಟಿರುತ್ತದೆ! ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಕಾಲು ಮಡಚಿಕೊಂಡೇ ಇರು ಎಂದು ಅವರು ಹೇಳಲಿಲ್ಲ. ಇದ್ದಷ್ಟರಲ್ಲಿ ಇಂದೇ ಚಾಚೋಣ.