ಸಹಕಾರವೂ ಬಲಾತ್ಕಾರವೂ



ಕೂಡಿ ಮಾಡುವುದು ‘ಸಹಕಾರ’. ಬಲದಿಂದ ಮಾಡಿಸುವುದು ‘ಬಲಾತ್ಕಾರ’. ಎರಡು ಶಬ್ದಗಳ ಕೊನೆಗೂ ‘ಕಾರ’ವಿದೆ. ಅಂದರೆ ಎರಡರಲ್ಲೂ ಕೆಲಸ ನಡೆಯುತ್ತದೆ. ದೂರದಿಂದ ನೋಡುವವನಿಗೆ ಭೇದ ಕಾಣುವುದಿಲ್ಲ. ಆದರೆ ಒಂದು ಉಳಿಯುತ್ತದೆ, ಮತ್ತೊಂದು ಅಳಿಯುತ್ತದೆ. ಇದಕ್ಕೆ ಆಫ್ರಿಕಾ ಖಂಡದ ತಾಂಜಾನಿಯಾ ದೇಶದ ಹಳ್ಳಿಗಳೇ ಸಾಕ್ಷಿ.

ಆ ದೇಶದ ದಕ್ಷಿಣಕ್ಕಿರುವ ರುವುಮಾ ಪ್ರಾಂತದ ಲಿಟೋವಾ ಎಂಬಲ್ಲಿ 1960ರ ಸುಮಾರಿಗೆ ಕೆಲವು ಯುವಕರು ಹೊಸ ಊರೊಂದನ್ನು ಕಟ್ಟಿದರು. ಕೂಡಿ ಬೇಸಾಯ ಮಾಡಿದರು, ಬಂದುದನ್ನು ಹಂಚಿಕೊಂಡರು. ಯಾವ ಕೆಲಸ, ಯಾರಿಂದ, ಯಾವಾಗ ಎಂಬುದನ್ನು ಊರವರೇ ಸಭೆ ಸೇರಿ ನಿಶ್ಚಯಿಸುತ್ತಿದ್ದರು. ಮಕ್ಕಳಿಗೆ ತಮ್ಮದೇ ಶಾಲೆ ನಡೆಸಿದರು. ಕಾಲಕ್ರಮದಲ್ಲಿ ಅವರ ಸಂಘದಲ್ಲಿ 17 ಹಳ್ಳಿಗಳಾದವು.

ದೇಶದ ಅಧ್ಯಕ್ಷರಾಗಿದ್ದ ಜೂಲಿಯಸ್ ನ್ಯೆರೆರೆಯವರು ಮೊದಲು ಶಾಲಾ ಶಿಕ್ಷಕರು. ಜನ ಅವರನ್ನು ‘ಮ್ವಾಲಿಮು’, ಅಂದರೆ ಗುರು, ಎಂದೇ ಕರೆಯುತ್ತಿದ್ದರು. 1967ರಲ್ಲಿ ಅವರು ‘ಉಜಾಮಾ’ ಎಂಬುದನ್ನು ದೇಶದ ಹಳ್ಳಿಗಳ ಮಾರ್ಗವೆಂದು ಸಾರಿದರು. ಸ್ವಾಹಿಲಿ ಭಾಷೆಯಲ್ಲಿ ಅದಕ್ಕೆ ಕುಟುಂಬಭಾವವೆಂದು ಅರ್ಥ. ರುವುಮಾದ ಹಳ್ಳಿಗಳನ್ನು ಅವರು ಮೆಚ್ಚಿದ್ದರು. ಆದರೆ ತಮ್ಮ ನಿರ್ಧಾರವನ್ನು ತಾವೇ ಕೈಗೊಳ್ಳುವ ಹಳ್ಳಿಗಳನ್ನು ಆಳುವ ಪಕ್ಷದ ಪ್ರಮುಖರು ಸಹಿಸಲಿಲ್ಲ. 1969ರಲ್ಲಿ ಆ ಸಂಘವನ್ನು ವಿಸರ್ಜಿಸಲಾಯಿತು.

ಮುಂದೆ 1973ರಲ್ಲಿ ಮತ್ತೊಂದು ಆಜ್ಞೆ ಹೊರಟಿತು. ಚದುರಿ ವಾಸಿಸುವ ರೈತರೆಲ್ಲ 1976ರೊಳಗೆ ಗೊತ್ತುಮಾಡಿದ ಹಳ್ಳಿಗಳಿಗೆ ಬಂದು ನೆಲೆಸಲೇಬೇಕು. ಲಕ್ಷಾಂತರ ಜನರನ್ನು ಸಾಗಿಸಿದರು. ಹಿಂದಿರುಗಬಾರದೆಂದು ಕೆಲವೆಡೆ ಹಳೆಯ ಮನೆಗಳನ್ನು ಕೆಡವಿದರು, ಸುಟ್ಟರು. ಎಷ್ಟೋ ಜನರಿಗೆ ಹೊಲ ದೂರವಾಯಿತು. ಬರವೂ ಸೇರಿತು; ಹೊರದೇಶದ ಧಾನ್ಯ ತರಿಸಬೇಕಾಯಿತು. ಶಾಲೆ, ಔಷಧಾಲಯಗಳು ಅನೇಕರಿಗೆ ಹತ್ತಿರವಾದವೆಂಬುದು ನಿಜ. ಆದರೆ ಕೂಡಿ ಉಳುವ ಹೊಲ ನಿಲ್ಲಲಿಲ್ಲ. ಕುಟುಂಬಭಾವ ಆಜ್ಞೆಯಿಂದ ಹುಟ್ಟುವುದುಂಟೇ?

ಇಂದು ಆ ದೇಶದಲ್ಲಿ 1982ರ ಕಾಯಿದೆಯ ಪ್ರಕಾರ 18 ವರ್ಷ ತುಂಬಿದ ಊರವರೆಲ್ಲರೂ ಗ್ರಾಮಸಭೆಯ ಸದಸ್ಯರು. 1999ರ ಭೂಕಾಯಿದೆಯಂತೆ ಆ ಸಭೆಯ ಒಪ್ಪಿಗೆಯಿಲ್ಲದೆ ಗ್ರಾಮ ಮಂಡಳಿ ಊರಿನ ಭೂಮಿಯನ್ನು ಯಾರಿಗೂ ಕೊಡುವಂತಿಲ್ಲ. ಲಿಟೋವಾದವರು ಮರದ ನೆರಳಿನಲ್ಲಿಯೋ ಚಪ್ಪರದ ಕೆಳಗೋ ಕೂತು ಮಾಡುತ್ತಿದ್ದುದು ಇದನ್ನೇ ಅಲ್ಲವೇ? ಕಾಯಿದೆಯಲ್ಲಿ ಬರೆದುದು ನಡತೆಗೆ ಬರಲು ಊರವರು ಸಭೆಗೆ ಬರಬೇಕು, ಬಾಯಿ ಬಿಡಬೇಕು.

ನ್ಯೆರೆರೆಯವರು ದುಷ್ಟರಲ್ಲ; ಸರಳ ಜೀವಿಗಳು, ಜನರನ್ನು ಪ್ರೀತಿಸಿದವರು. ಸಜ್ಜನರೂ ಅವಸರದಲ್ಲಿ ಸಹಕಾರವನ್ನು ಬಲಾತ್ಕಾರ ಮಾಡಿಬಿಡುತ್ತಾರೆ. ಆದ್ದರಿಂದ ಈ ಮಾತನ್ನು ನಿಮಗೆ ಹೇಳುವ ಮೊದಲು ನಮಗೇ ಹೇಳಿಕೊಳ್ಳುತ್ತೇವೆ. ಮಠದ ಅಪ್ಪಣೆಯಾದರೆ ನೀವು ಮರುಮಾತಿಲ್ಲದೆ ಏಳುತ್ತೀರಿ. ಅದು ನಿಮ್ಮ ಭಕ್ತಿ. ಆ ಭಕ್ತಿಯನ್ನೇ ನಿಮ್ಮ ಸಮ್ಮತಿಯೆಂದು ತಿಳಿದರೆ ತಪ್ಪು ನಮ್ಮದು. ಇನ್ನು ಮುಂದೆ ಊರಿನ ಕೆಲಸಕ್ಕೆ ಹೇಳುವ ಮೊದಲು ನಿಮ್ಮನ್ನು ಕೇಳುತ್ತೇವೆ. ಒಲ್ಲದಿದ್ದರೆ ಒಲ್ಲೆವೆಂದು ಹೇಳಿರಿ, ನಾವು ಬೇಸರಿಸುವುದಿಲ್ಲ. ಒಲಿದು ಬಂದ ನಾಲ್ಕು ಕೈಗಳ ಕೆಲಸ ನಮಗೆ ಸಾಕು.

ಸರ್ವರಿಗೂ ಸನ್ಮಂಗಳವಾಗಲಿ.