ಕೆಳಗಿನ ಮೌನ, ಮೇಲಿನ ಹೊಣೆ



1966ರ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾದುದರ ನೆನಪಿಗೆ ಪ್ರತಿವರ್ಷ ಆಚರಿಸಲಾಗುವ ಸುರಕ್ಷತಾ ದಿನದ ಅಂಗವಾಗಿ ಏರ್ಪಟ್ಟಿರುವ ಈ ಪ್ರದರ್ಶನದಲ್ಲಿ ಹೆಲ್ಮೆಟ್ಟುಗಳು, ಎತ್ತರದ ಕೆಲಸಕ್ಕೆ ಬೇಕಾದ ಸೇಫ್ಟಿ ಬೆಲ್ಟುಗಳು, ವಿಷಾನಿಲವನ್ನು ಪತ್ತೆಹಚ್ಚುವ ಉಪಕರಣಗಳು ಸಾಲುಸಾಲಾಗಿ ಕಾಣಸಿಗುತ್ತವೆ. ಇವೆಲ್ಲವೂ ಅಗತ್ಯವಾದವುಗಳೇ. ಆದರೆ ಸುರಕ್ಷತಾ ಶಾಸ್ತ್ರದಲ್ಲಿ ಕಾರ್ಮಿಕನು ಮೈಮೇಲೆ ಧರಿಸುವ ಸಾಧನಕ್ಕೆ ಸಿಗುವುದು ಕಟ್ಟಕಡೆಯ ಸ್ಥಾನ. ಅಪಾಯವನ್ನೇ ಇಲ್ಲವಾಗಿಸುವುದು, ಅದು ಆಗದಿದ್ದರೆ ಕಡಿಮೆ ಅಪಾಯದ ವಸ್ತುವನ್ನು ಬಳಸುವುದು, ಅದೂ ಆಗದಿದ್ದರೆ ಯಂತ್ರಕ್ಕೆ ತಡೆ ಹಾಕುವುದು, ಬಳಿಕ ಕೆಲಸದ ಕ್ರಮವನ್ನು ಬದಲಿಸುವುದು, ಇಷ್ಟನ್ನೂ ಮಾಡಿದ ಮೇಲೂ ಉಳಿಯುವ ಅಪಾಯಕ್ಕೆ ಮಾತ್ರ ಹೆಲ್ಮೆಟ್ಟು, ಕೈಗವಸು. ಈ ಕ್ರಮವನ್ನು ನಿಯಂತ್ರಣಗಳ ಶ್ರೇಣಿ ಎಂದು ಕರೆಯಲಾಗುತ್ತದೆ. ಶ್ರೇಣಿಯ ಮೇಲಿನ ಮೆಟ್ಟಿಲುಗಳೆಲ್ಲವೂ ಹಣ, ಸಮಯ ಮತ್ತು ಅಧಿಕಾರ ಇರುವವರ ಕೈಯಲ್ಲಿವೆ. ಆದ್ದರಿಂದ ಸುರಕ್ಷತೆಯ ಪ್ರಶ್ನೆ ಮೂಲತಃ ನಾಯಕತ್ವದ ಪ್ರಶ್ನೆ.

ಪೈಪರ್ ಆಲ್ಫಾ ದುರಂತ ಇದನ್ನು ತೋರಿಸಿದಷ್ಟು ಸ್ಪಷ್ಟವಾಗಿ ಬೇರೆ ಘಟನೆಗಳು ತೋರಿಸಿರುವುದು ಅಪರೂಪ. ಸ್ಕಾಟ್ಲೆಂಡಿನ ಅಬರ್ಡೀನ್ ನಗರದಿಂದ ಸುಮಾರು 190 ಕಿಲೋಮೀಟರ್ ದೂರದಲ್ಲಿ, ಉತ್ತರ ಸಮುದ್ರದ ನಡುವೆ ನಿಂತಿದ್ದ ಈ ತೈಲ ಮತ್ತು ಅನಿಲ ಉತ್ಪಾದನಾ ಅಟ್ಟಣೆಯು 1988ರ ಜುಲೈ 6ರ ರಾತ್ರಿ ಸ್ಫೋಟಗೊಂಡು 167 ಜನ ಸತ್ತರು. ಅಲ್ಲಿ ಅನಿಲದಿಂದ ಬೇರ್ಪಟ್ಟ ದ್ರವವನ್ನು ತಳ್ಳುವ ಎರಡು ಪಂಪುಗಳಿದ್ದವು. ಆ ದಿನ ಒಂದನ್ನು ದುರಸ್ತಿಗಾಗಿ ನಿಲ್ಲಿಸಿ, ಅದರ ಕೊಳವೆಯಲ್ಲಿದ್ದ ಸುರಕ್ಷತಾ ವಾಲ್ವನ್ನು ಪರೀಕ್ಷೆಗೆಂದು ಬಿಚ್ಚಲಾಗಿತ್ತು. ಸಂಜೆಯ ಹೊತ್ತಿಗೆ ಅದನ್ನು ಮರಳಿ ಜೋಡಿಸಲಾಗದೆ, ತೆರೆದ ಬಾಯಿಗೆ ಲೋಹದ ಮುಚ್ಚಳವೊಂದನ್ನು ಕೂರಿಸಲಾಗಿತ್ತು. ಅಪಾಯವಿರುವ ಕೆಲಸಕ್ಕೆ ಮೊದಲು ಯಾವ ಯಂತ್ರ ನಿಂತಿದೆ, ಯಾರು ಕೆಲಸ ಮಾಡುತ್ತಾರೆ, ಯಾವುದನ್ನು ಮುಟ್ಟಬಾರದು ಎಂದು ಬರೆದು ಹೊಣೆಗಾರರು ಸಹಿ ಹಾಕುವ ಪತ್ರಕ್ಕೆ ವರ್ಕ್ ಪರ್ಮಿಟ್ ಎನ್ನುತ್ತಾರೆ. ಪಂಪಿಗೊಂದು, ವಾಲ್ವಿಗೊಂದು ಎಂದು ಎರಡು ಪರ್ಮಿಟ್‌ಗಳಿದ್ದವು, ಅವುಗಳನ್ನು ಜೊತೆಗಿಟ್ಟಿರಲಿಲ್ಲ. ರಾತ್ರಿ ಹತ್ತರ ಸುಮಾರಿಗೆ ಇನ್ನೊಂದು ಪಂಪು ನಿಂತುಹೋದಾಗ, ಪಂಪಿನ ಪರ್ಮಿಟ್ ಮಾತ್ರ ತಿಳಿದಿದ್ದ ರಾತ್ರಿ ಪಾಳಿಯವರು, ವಾಲ್ವ್ ಇಲ್ಲವೆಂಬ ಸಂಗತಿ ಗೊತ್ತಿಲ್ಲದೆ, ನಿಲ್ಲಿಸಿದ್ದ ಪಂಪನ್ನು ಚಾಲೂ ಮಾಡಿದರು. ಮುಚ್ಚಳದ ಸಂದಿಯಿಂದ ಸೋರಿದ ಅನಿಲಕ್ಕೆ ಬೆಂಕಿ ಹತ್ತಿತು. ಸಮುದ್ರದ ನೀರನ್ನೆತ್ತಿ ಬೆಂಕಿ ನಂದಿಸಬೇಕಾಗಿದ್ದ ಪಂಪುಗಳು, ಮುಳುಗುಗಾರರು ಅವುಗಳ ಸೆಳೆತಕ್ಕೆ ಸಿಕ್ಕಬಾರದೆಂಬ ಕಾರಣಕ್ಕೆ, ತಾವಾಗಿಯೇ ಚಾಲೂ ಆಗದ ಸ್ಥಿತಿಯಲ್ಲಿದ್ದವು.

ಇಲ್ಲಿಗೆ ನಿಲ್ಲಿಸಿದರೆ ಇದು ಪಾಳಿಯವರ ತಪ್ಪಿನ ಕಥೆಯಾಗಿ ಉಳಿಯುತ್ತದೆ. ನ್ಯಾಯಾಧೀಶ ಲಾರ್ಡ್ ಕಲೆನ್ ನೇತೃತ್ವದ ವಿಚಾರಣೆ ಅಲ್ಲಿಗೆ ನಿಲ್ಲಲಿಲ್ಲ. 1990ರಲ್ಲಿ ಪ್ರಕಟವಾದ, 106 ಶಿಫಾರಸುಗಳಿದ್ದ ಆ ವರದಿ, ಪರ್ಮಿಟ್ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತಿದೆಯೆಂದು ಆಡಳಿತ ವರ್ಗ ಸುಲಭವಾಗಿ ತೃಪ್ತಿಪಟ್ಟುಕೊಂಡಿತ್ತೆಂದೂ, ಕೆಳಗಿನಿಂದ ದೂರು ಬರದಿರುವುದನ್ನೇ ಎಲ್ಲವೂ ಸರಿಯಿರುವ ಗುರುತೆಂದು ಭಾವಿಸಿತ್ತೆಂದೂ ಹೇಳಿತು. ಹಿಂದಿನ ವರ್ಷವೇ ಅದೇ ಅಟ್ಟಣೆಯಲ್ಲಿ ಒಬ್ಬ ಕಾರ್ಮಿಕ ಸತ್ತಿದ್ದ. ಆ ಸಾವಿನಲ್ಲೂ ಪರ್ಮಿಟ್ ಮತ್ತು ಪಾಳಿ ಹಸ್ತಾಂತರದ ಲೋಪಗಳೇ ಇದ್ದವು. ಸುರಕ್ಷತೆಯ ನಾಯಕತ್ವವೆಂದರೆ ಕೆಳಗಿನ ಮೌನವನ್ನು ನಂಬದಿರುವುದು, ಕೆಟ್ಟ ಸುದ್ದಿಯನ್ನು ಹುಡುಕಿಕೊಂಡು ಹೋಗುವುದು ಎಂಬ ತಿಳಿವಳಿಕೆಗೆ ಈ ವರದಿಯೇ ಗಟ್ಟಿಯಾದ ಆಧಾರ.

ಭಾರತದ ನೆಲದಲ್ಲಿ ಭೋಪಾಲ ಇದೇ ಪಾಠವನ್ನು ಇನ್ನೂ ಘೋರವಾಗಿ ಕಲಿಸಿತು. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿನ ಕಾರ್ಖಾನೆಯಿಂದ ಮೀಥೈಲ್ ಐಸೊಸಯನೇಟ್ ಎಂಬ ವಿಷಾನಿಲ ಸೋರಿದಾಗ, ಅದನ್ನು ತಣ್ಣಗಿಡಬೇಕಾಗಿದ್ದ ಶೈತ್ಯ ಘಟಕ ತಿಂಗಳುಗಳ ಹಿಂದೆಯೇ ನಿಂತಿತ್ತು. ಸೋರಿದ ಅನಿಲವನ್ನು ಸುಟ್ಟುಹಾಕಬೇಕಾಗಿದ್ದ ಗೋಪುರದ ಕೊಳವೆಯ ಒಂದು ಭಾಗವನ್ನು ದುರಸ್ತಿಗೆಂದು ತೆಗೆಯಲಾಗಿತ್ತು. ಶೈತ್ಯ ಘಟಕವನ್ನು ನಿಲ್ಲಿಸುವ ನಿರ್ಧಾರ ಪಾಳಿಯ ಕಾರ್ಮಿಕನದಲ್ಲ. ಆ ದುರಂತದ ಬೆನ್ನಲ್ಲೇ, 1987ರಲ್ಲಿ, 1948ರ ಕಾರ್ಖಾನೆ ಕಾಯಿದೆಗೆ ತಿದ್ದುಪಡಿಯಾಗಿ, ಕಂಪನಿಯ ಕಾರ್ಖಾನೆಯಾದರೆ ಅದರ ನಿರ್ದೇಶಕರಲ್ಲೊಬ್ಬರನ್ನೇ ಕಾನೂನಿನ ಕಣ್ಣಿನಲ್ಲಿ ಹೊಣೆಗಾರರೆಂದು, ಅಂದರೆ ಅಧಿಭೋಗದಾರರೆಂದು, ಪರಿಗಣಿಸಬೇಕೆಂಬ ನಿಯಮ ಬಂದಿತು; ಅಪಾಯಕಾರಿ ಪ್ರಕ್ರಿಯೆಗಳಿರುವ ಕಡೆ ಆಡಳಿತದವರೂ ಕಾರ್ಮಿಕರೂ ಸಮಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿ ಕಡ್ಡಾಯವಾಯಿತು; ಜೀವಕ್ಕೆ ಕುತ್ತು ಎದುರಾಗಿದೆಯೆನಿಸಿದಾಗ ಅದನ್ನು ಹೇಳುವ ಹಕ್ಕು ಕಾರ್ಮಿಕನಿಗೆ ದೊರೆಯಿತು. ಹೊಣೆಯನ್ನು ಸೇಫ್ಟಿ ಆಫೀಸರ್ ಒಬ್ಬರ ಮೇಜಿನ ಮೇಲಿಟ್ಟು ಕೈತೊಳೆದುಕೊಳ್ಳುವ ದಾರಿಯನ್ನು ಈ ನಿಯಮಗಳು ಮುಚ್ಚಿದವು. ಸಮಿತಿಯ ನಡವಳಿ ಪುಸ್ತಕದಲ್ಲಿ ಚಹಾ ಕುಡಿದ ಲೆಕ್ಕಕ್ಕಿಂತ ಹೆಚ್ಚಿನದೇನಿದೆ ಎಂಬುದನ್ನು ಆ ನಿರ್ದೇಶಕರು ತೆರೆದು ನೋಡಬೇಕಾಗಿದೆ.

ಅಪಘಾತಕ್ಕೆ ಸದ್ದಿದೆ, ರೋಗಕ್ಕೆ ಇಲ್ಲ. ಕೋಲಾರ ಚಿನ್ನದ ಗಣಿಯ ಚರಿತ್ರೆಯಲ್ಲಿ ಇವೆರಡೂ ಉಂಟು. ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿಯಲ್ಲಿ ಒತ್ತಡಕ್ಕೆ ಬಂಡೆಯೇ ಸಿಡಿಯುವ ಶಿಲಾಸ್ಫೋಟಗಳು ಜೀವ ತೆಗೆದವು. ಕಲ್ಲು ಕೊರೆದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಗಾಯದ ಗುರುತುಗಳನ್ನು ಮೂಡಿಸಿ ಉಸಿರನ್ನೇ ಕಿತ್ತುಕೊಳ್ಳುವ ಸಿಲಿಕೋಸಿಸ್ ರೋಗವು ಸದ್ದಿಲ್ಲದೆ, ವರ್ಷಗಳ ಮೇಲೆ ಎಷ್ಟೋ ಮನೆಗಳನ್ನು ಬರಿದು ಮಾಡಿತು. 2001ರಲ್ಲಿ ಗಣಿ ಮುಚ್ಚಿತು, ರೋಗ ಮುಚ್ಚಲಿಲ್ಲ. ಇಳಕಲ್ಲಿನ ಗ್ರಾನೈಟ್ ಘಟಕಗಳಲ್ಲಿ, ಊರೂರಿನ ಜಲ್ಲಿ ಕ್ರಷರುಗಳಲ್ಲಿ ಏಳುವುದು ಅದೇ ಸಿಲಿಕಾ ದೂಳು. ಕೊರೆಯುವಲ್ಲಿಗೆ ನೀರು ಹಾಯಿಸುವುದು, ದೂಳನ್ನು ಎದ್ದ ಜಾಗದಲ್ಲೇ ಹೀರಿಕೊಳ್ಳುವ ಯಂತ್ರ ಕೂರಿಸುವುದು, ಕಾಲಕಾಲಕ್ಕೆ ಎದೆಯ ಎಕ್ಸ್‌ರೇ ತೆಗೆಸುವುದು ಎಲ್ಲವೂ ತಿಳಿದಿರುವ ಪರಿಹಾರಗಳೇ. ಬಾಯಿಗೆ ಟವೆಲ್ ಸುತ್ತಿಕೊಳ್ಳುವಂತೆ ಹೇಳಿ ಕಳಿಸುವುದು ಪರಿಹಾರವಲ್ಲ. ಈ ಕಡೆಗಣನೆಗೆ ಯಾವ ಸಮಜಾಯಿಷಿಯೂ ಇಲ್ಲ.

ಕಾರ್ಖಾನೆಯ ಗೇಟಿನಲ್ಲಿ ಅಪಘಾತವಿಲ್ಲದ ದಿನಗಳ ಫಲಕ ಹಾಕುವ ರೂಢಿಯ ಬಗ್ಗೆಯೂ ಒಂದು ಮಾತು ಅಗತ್ಯ. ಆ ಅಂಕಿಗೆ ಬಹುಮಾನ ಅಂಟಿಸಿದ ಕಡೆಗಳಲ್ಲಿ, ಬೆರಳು ಜಜ್ಜಿಸಿಕೊಂಡವನಿಗೆ ಪಟ್ಟಿ ಕಟ್ಟಿ, ರಜೆ ಕೊಟ್ಟರೆ ಲೆಕ್ಕಕ್ಕೆ ಬರುತ್ತದೆಂದು ದಿನವಿಡೀ ಕುರ್ಚಿಯ ಮೇಲೆ ಕೂರಿಸುವುದುಂಟು. ಇದರಿಂದ ಅಪಘಾತ ಕಡಿಮೆಯಾಗುವುದಿಲ್ಲ, ಅದರ ಸುದ್ದಿ ಕಡಿಮೆಯಾಗುತ್ತದೆ. ಕೂದಲೆಳೆಯಲ್ಲಿ ತಪ್ಪಿಹೋದ ಅವಘಡವನ್ನು ತಾನಾಗಿ ಬಂದು ಹೇಳಿದವನನ್ನು, ಅನುಮಾನ ಬಂದು ಯಂತ್ರ ನಿಲ್ಲಿಸಿದವನನ್ನು ಮೇಲಿನವರು ಹೇಗೆ ನಡೆಸಿಕೊಂಡರೆಂಬುದನ್ನು ಇಡೀ ಶಿಫ್ಟು ನೋಡುತ್ತಿರುತ್ತದೆ. ಬೈಗುಳ ಸಿಕ್ಕರೆ ಮತ್ತೊಬ್ಬ ಬಾಯಿ ಬಿಡುವುದಿಲ್ಲ. ನಾಳೆ ಕೆಲಸ ಇರುವುದೋ ಇಲ್ಲವೋ ಎಂಬ ಅಂಜಿಕೆಯಲ್ಲಿರುವ ಗುತ್ತಿಗೆ ಕಾರ್ಮಿಕ ಬಾಯಿ ಬಿಡುವುದಂತೂ ಇನ್ನೂ ದುಸ್ತರ, ಮತ್ತು ಹೆಚ್ಚು ಅಪಾಯದ ಕೆಲಸ ಬೀಳುವುದು ಬಹುಮಟ್ಟಿಗೆ ಅವನ ಪಾಲಿಗೇ.

ಆದ್ದರಿಂದ ಈ ಮಳಿಗೆಗಳಿಗೆ ಬರುವ ಮಾಲೀಕರೂ ವ್ಯವಸ್ಥಾಪಕರೂ ಒಬ್ಬೊಬ್ಬರೇ ಬಾರದೆ, ತಮ್ಮ ಘಟಕದ ಮೇಸ್ತ್ರಿಯನ್ನೂ ಒಬ್ಬ ಗುತ್ತಿಗೆ ಕಾರ್ಮಿಕನನ್ನೂ ಕರೆತರಬೇಕೆಂದು, ಏನನ್ನು ಕೊಳ್ಳಬೇಕೆಂದು ನಿಶ್ಚಯಿಸುವ ಮೊದಲು ಘಟಕದಲ್ಲಿ ಯಾವ ಕೆಲಸಕ್ಕೆ ಹೆಚ್ಚು ಭಯವಾಗುತ್ತದೆಂದು ಅವರನ್ನು ಕೇಳಬೇಕೆಂದು ವಿನಂತಿ. ಆ ಉತ್ತರವನ್ನು ಬರೆದುಕೊಂಡು ಹೋಗಿ ಮುಂದಿನ ಸುರಕ್ಷತಾ ಸಮಿತಿಯ ಸಭೆಯಲ್ಲಿ ಮೊದಲ ವಿಷಯವಾಗಿ ಇಡುವಂತಾಗಲಿ. ಪ್ರದರ್ಶನವು ಇದೀಗ ಉದ್ಘಾಟನೆಗೊಂಡಿದೆ. ಮಳಿಗೆಗಳು ಎಲ್ಲರಿಗೂ ತೆರೆದಿವೆ.