ಮಣ್ಣು ಕೊಡಲಾಗದವನ ಸ್ಮರಣೆ



ಇಳಕಲ್ಲ, ಹುನಗುಂದ, ಬಾದಾಮಿ, ಬಾಗಲಕೋಟೆಗಳಿಂದ ಬಂದ ತಮ್ಮಲ್ಲಿ ಸೈನ್ಯಕ್ಕೆ ಮಗನನ್ನು ಕೊಟ್ಟ ಮನೆಯವರೂ ಇದ್ದೀರಿ. ಅದಕ್ಕಾಗಿ ಇಂದು ನಾವು ಒಬ್ಬ ತರುಣ ಸೈನಿಕನ ಮಾತು ಆಡುತ್ತೇವೆ. ಅವನು ನಮ್ಮ ಜಿಲ್ಲೆಯವನಲ್ಲ. ಕೊಂಕಣದ ಕೊಲಾಬಾ ಜಿಲ್ಲೆಯವನು. ಹೆಸರು ಯಶವಂತ ಘಾಡಗೆ. ಆದರೆ ಅವನ ಪಲ್ಟಣ ಮರಾಠಾ ರೆಜಿಮೆಂಟಿನದು. ಅದರ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ನಮ್ಮ ಹುಡುಗರು ಭರ್ತಿಗೆಂದು ಬುತ್ತಿ ಕಟ್ಟಿಕೊಂಡು ಹೋಗುವ ಬೆಳಗಾವಿ ಅದೇ.

1944ರ ಜುಲೈ 10. ಎರಡನೆಯ ಮಹಾಯುದ್ಧ ನಡೆದಿತ್ತು. ಇಟಲಿ ದೇಶದ ಟೈಬರ್ ನದಿಯ ಕಣಿವೆ. ಯಶವಂತ ಸಣ್ಣ ತುಕಡಿಯೊಂದರ ನಾಯಕ, ವಯಸ್ಸು 22. ಹತ್ತಿರದಿಂದಲೇ ಮಷಿನ್‌ಗನ್ನು ಗುಂಡಿನ ಮಳೆ ಸುರಿಸಿತು. ಅವನೊಬ್ಬನ ಹೊರತು ತುಕಡಿಯವರೆಲ್ಲ ಸತ್ತರು, ಇಲ್ಲವೆ ಗಾಯಗೊಂಡು ಬಿದ್ದರು. ಅವನು ಒಬ್ಬನೇ ನುಗ್ಗಿದ. ಕೈಬಾಂಬು ಎಸೆದು ಆ ಗನ್ನಿನ ಬಾಯಿ ಮುಚ್ಚಿಸಿದ, ಒಬ್ಬನನ್ನು ಗುಂಡಿಟ್ಟು ಕೆಡವಿದ. ಮತ್ತೆ ಗುಂಡು ತುಂಬಲು ವೇಳೆ ಸಿಗಲಿಲ್ಲ. ಕೈಯೊಳಗಿನ ಬಂದೂಕನ್ನೇ ಬಡಿಗೆ ಮಾಡಿ ಉಳಿದಿಬ್ಬರನ್ನು ಬಡಿದ. ಅಷ್ಟರಲ್ಲಿ ಮರೆಯಿಂದ ಬಂದ ಗುಂಡು ತಾಗಿ, ತಾನು ಗೆದ್ದ ನೆಲೆಯಲ್ಲಿಯೇ ಪ್ರಾಣ ಬಿಟ್ಟ.

ಕೊಂದದ್ದನ್ನು ಹೊಗಳಲು ನಾವು ಇಲ್ಲಿ ಕುಳಿತಿಲ್ಲ. ಬಡಿಸಿಕೊಂಡ ಆ ಇಬ್ಬರೂ ಯಾವಳೋ ತಾಯಿ ಹೆತ್ತ ಮಕ್ಕಳೇ. ಸಂಬಳಕ್ಕಾಗಿ ಬ್ರಿಟಿಷರ ಯುದ್ಧಕ್ಕೆ ಹೋದವನು ಎಂದು ಕೆಲವರು ಅಂದಾರು. ಇರಲಿ, ಹೊಟ್ಟೆಗಿಲ್ಲದ ಮನೆಯವನಿಗೆ ಯಾವ ಯುದ್ಧ ಯಾರದೆಂದು ಆರಿಸುವ ಸ್ವಾತಂತ್ರ್ಯ ಎಲ್ಲಿತ್ತು? 1945ರಲ್ಲಿ ಎಳೆ ವಯಸ್ಸಿನ ಅವನ ಹೆಂಡತಿ ದಿಲ್ಲಿಯಲ್ಲಿ ವಿಕ್ಟೋರಿಯಾ ಕ್ರಾಸ್ ಪದಕಕ್ಕೆ ಕೈಯೊಡ್ಡಿದಳು. ಪದಕ ಬಂತು, ಗಂಡ ಬರಲಿಲ್ಲ. ಇಟಲಿಯ ಕಸಿನೊ ಸ್ಮಾರಕದ ಕಲ್ಲಿನ ಮೇಲೆ ಹೆಸರು ಉಳಿಯಿತು.

ನಮ್ಮಲ್ಲಿ ಒಬ್ಬರು ಲಿಂಗೈಕ್ಯರಾದರೆ ವಿಭೂತಿ ಧರಿಸಿ, ಪತ್ರಿ ಏರಿಸಿ, ಬಂದವರೆಲ್ಲ ಹಿಡಿ ಮಣ್ಣು ಕೊಡುತ್ತೇವೆ. ಆ ಮಣ್ಣಿನಿಂದಲೇ ಉಳಿದವರ ದುಃಖ ಅರ್ಧ ಇಳಿಯುತ್ತದೆ. ಕಡಲಾಚೆ ಸತ್ತವನಿಗೆ ಯಾರು ಮಣ್ಣು ಕೊಟ್ಟಾರು? ಹಿರಿಯರು ಇದನ್ನು ಬಲ್ಲವರಾಗಿದ್ದರು. ದನ ಕಾಯ್ದು ಸತ್ತವನಿಗೂ, ಊರು ಕಾಯ್ದು ಸತ್ತವನಿಗೂ ವೀರಗಲ್ಲು ನಿಲ್ಲಿಸಿದರು.

ಕಲ್ಲಿನಲ್ಲಿ ಹೆಸರು ಬರುವುದೂ ಎಲ್ಲರ ಪಾಲಿಗೆ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಇರಾಕಿನ ಕಡೆ ಸತ್ತು ಗೋರಿ ಕಾಣದವರಿಗಾಗಿ ಬಸ್ರಾದಲ್ಲಿ ಸ್ಮಾರಕ ಕಟ್ಟಿದರು. ಅದರಲ್ಲಿ ಬ್ರಿಟಿಷ್ ಸಿಪಾಯಿಯ ಹೆಸರುಂಟು; ನಮ್ಮವರಲ್ಲಿ ಅಧಿಕಾರಿಗಳ ಹೆಸರು ಕೊರೆದು, ಸಾಮಾನ್ಯ ಸಿಪಾಯಿಗಳನ್ನು ಬರಿಯ ಲೆಕ್ಕದಲ್ಲಿ ಹಾಕಿಬಿಟ್ಟರು. ಅದಕ್ಕೆ ಕ್ಷಮೆ ಕೇಳಿದ್ದು 2021ರಲ್ಲಿ! ಅಷ್ಟರೊಳಗೆ ಕಾಯ್ದ ತಾಯಂದಿರೆಲ್ಲ ಮಣ್ಣಾಗಿದ್ದರು.

ಇನ್ನೊಂದು ಸಂಗತಿ ನಮ್ಮ ಮನಸ್ಸಿಗೆ ತಂಪು ತಂದಿತು. ಯಶವಂತ ಕಾದಿದ ನಾಡಿನ ಮೊಂತೋನೆ ಎಂಬ ಊರಿನವರು 2023ರಲ್ಲಿ ಅವನ ಹೆಸರಿನ ಸ್ಮಾರಕ ಮಾಡಿದರು. ಅದು ನೆರಳು ನೋಡಿ ಹೊತ್ತು ತಿಳಿಯುವ ಸೂರ್ಯಗಡಿಯಾರ. ನಾವೆಲ್ಲ ಬಾಳುವುದು ಒಂದೇ ಸೂರ್ಯನ ಕೆಳಗೆ ಎಂಬ ಅರ್ಥದ ಮಾತನ್ನು ಅದಕ್ಕೆ ಇಟ್ಟಿದ್ದಾರೆ. ಭಾಷೆ ಅರಿಯದ, ಮತ ಅರಿಯದ ಜನ ಅವನನ್ನು ತಮ್ಮವನೆಂದರು.

ತಾಯಂದಿರೇ, ಆ ಎರಡು ಮಹಾಯುದ್ಧಗಳಿಗೆ ಹೋಗಿ ಬಾರದವರು, 1987ರಿಂದ 1990ರ ತನಕ ಶ್ರೀಲಂಕೆಯಲ್ಲಿ ಮಡಿದ ಸಾವಿರಕ್ಕೂ ಮಿಕ್ಕಿದವರಲ್ಲಿ ಒಬ್ಬರು, ನಿಮ್ಮ ಮನೆತನದಲ್ಲಿ ಇದ್ದರೆ ಪ್ರಸಾದವಾದ ಮೇಲೆ ಮಠದ ವಹಿಯಲ್ಲಿ ಬರೆಸಿ ಹೋಗಿರಿ. ಹೆಸರು ಮರೆತಿದ್ದರೆ ನಾಚಬೇಡಿರಿ. "ಮುತ್ಯಾನ ಅಣ್ಣ, ಬಸರಾಕ್ಕ ಹೋದಾಂವ" ಎಂದರೂ ಸಾಕು, ಹಾಗೆಯೇ ಬರೆದುಕೊಳ್ಳುತ್ತೇವೆ.